ಪೂಜೆಗಿಟ್ಟ ಪೈಪ್ ರೆಂಚು

ಲಗ್ಗೆರೆಯ ಪಿಳ್ಳಮ್ಮ ದೇವರಿಗೆ ಹೆದರೋ ಹೆಂಗಸು. ಆಯುಧಪೂಜೆಗೆ ಅಂತ ಗಂಡ ಹನುಮಯ್ಯನ ಸುತ್ತಿಗೆ, ಸ್ಪ್ಯಾನರು, ಪೈಪ್ ರೆಂಚು ಎಲ್ಲಾ ತೊಳೆದು, ಕುಂಕುಮ ಇಟ್ಟು, ದೇವರ ಮುಂದೆ ಜೋಡಿಸಿದಳು ಅಂದರೆ ಮುಗೀತು. ಮಾರನೇ ದಿನದವರೆಗೆ ಯಮ ಬಂದರೂ ಮುಟ್ಟಂಗಿಲ್ಲ.

ತೊಂಬತ್ತಾರರಲ್ಲಿ ಅದೇ ಎಡವಟ್ಟಾಯ್ತು. ಹಬ್ಬದ ಹಿಂದಿನ ದಿನ ಮಗಳು ಮಂಜುಶ್ರೀ ಗಂಡನ ಮನೆ ಮಾಕಳಿಯಿಂದ ಉಟ್ಟ ಬಟ್ಟೆಯಲ್ಲೇ ಓಡಿಬಂದಳು. ತುಟಿ ಒಡೆದಿತ್ತು, ಕಣ್ಣು ಊದಿತ್ತು. ಅಳಿಯನ ಕೆಲಸ. ಚಿರಂಜೀವಿ ಅಂತ ಹೆಸರು ಬೇರೆ ಕೇಡಿಗೆ! ಹನುಮಯ್ಯ ಮನೆ ಮುಂದೆ ತನ್ನ ಹಳೇ ಮೆಟಡಾರ್ ವ್ಯಾನಿನ ಎಂಜಿನ್ ಹೆಡ್ಡು ಬಿಗಿಯುತ್ತಿದ್ದ. ಮಗಳ ಮುಖ ನೋಡಿದವನೇ, ಅಳಿಯನ ಕತ್ತೇ ಸಿಕ್ಕಿತೇನೋ ಅನ್ನೋ ಹಾಗೆ ಸ್ಪ್ಯಾನರು ತಿರುಚಿದ. ಹೆಡ್ಡನ್ನ ಹಿಡಿದಿಡೋ ಬೋಲ್ಟು, ಸ್ಟಡ್ಡು, ಲಟಕ್ಕನೆ ಮುರಿದು ಅರ್ಧ ಎಂಜಿನ್ನಲ್ಲೇ ಉಳಿಯಿತು.

ಹಬ್ಬದ ಬೆಳಗ್ಗೆ ನೋಡಿದರೆ ಸಾಮಾನೆಲ್ಲ ದೇವರ ಮುಂದೆ.

"ರೆಂಚು ಕೊಡೇ, ಮುರಿದಿದ್ದು ತೆಗೀತೀನಿ. ಗಾಡಿ ಎದ್ರೆ ಇವತ್ತೇ ಹೋಗಿ ಅವಳ ಸಾಮಾನು ತಂದುಬಿಡಾಣ. ಅವನ ಋಣ ಹರೀಲಿ," ಅಂದ ಹನುಮಯ್ಯ.

"ಮುಟ್ಟಿದ್ರೆ ಕೈ ಮುರೀತೀನಿ," ಅಂದಳು ಪಿಳ್ಳಮ್ಮ.

ಮಧ್ಯಾಹ್ನ ಅಳಿಯನೇ ಬಂದ, ಕಂಠಪೂರ್ತಿ ಕುಡಿದು. ಈ ಮನೆಯ ಮಡಿ ಅವನಿಗೂ ಗೊತ್ತಿತ್ತು. "ಇವತ್ತು ಆಯುಧ ಎತ್ತಂಗಿಲ್ಲ ಅಲ್ವಾ ಮಾವ?" ಅಂತ ಹಲ್ಲು ಕಿರಿದು ಹನುಮಯ್ಯನ ಎದೆಗೆ ಒದ್ದ. ಮುದುಕ ಚರಂಡಿಗೆ ಬಿದ್ದ. ಒಳಗೆ ನುಗ್ಗಿದವನು ಮಂಜುಶ್ರೀಯ ಜಡೆ ಹಿಡಿದು ದರದರ ಎಳೆದ. ಹಣೆ ಹೊಸ್ತಿಲಿಗೆ ಬಡಿದು ರಕ್ತ ಸುರಿಯಿತು.

"ಅಮ್ಮಾ, ಕಳಿಸ್ಬೇಡ ಕಣಮ್ಮಾ, ಸಾಯಿಸಿಬಿಡ್ತಾನೆ!"

ಪಿಳ್ಳಮ್ಮ ದೇವರ ಮೂಲೆಗೆ ಹೋದಳು. ಕೈ ಮುಗಿಯಲಿಲ್ಲ. ಹೂವಿನ ಸಮೇತ ಪೈಪ್ ರೆಂಚು ಎತ್ತಿಕೊಂಡು ಬಂದು, ಜಡೆ ಹಿಡಿದಿದ್ದ ಕೈಗೇ ಬೀಸಿದಳು. ಮೂಳೆ ಮುರಿದ ಸದ್ದು ಬೀದಿಗೆ ಕೇಳಿಸಿತು. ಇನ್ನೊಂದು ಏಟು ಮೊಣಕಾಲಿಗೆ ಬಿತ್ತು. "ಅತ್ತೇ, ಬೇಡ ಅತ್ತೇ" ಅನ್ನುತ್ತ ಗಂಡಸು ತೆವಳಿಕೊಂಡೇ ಬೀದಿ ದಾಟಿದ.

"ಪಾಪ ಸುತ್ಕೊಂಡ್ರೆ ನನಗೇ ಸುತ್ಕೊಳ್ಳಿ," ಅಂತ ಪಿಳ್ಳಮ್ಮ ರೆಂಚನ್ನು ಚರಂಡಿಯಿಂದೆದ್ದು ಬಂದ ಗಂಡನ ಕೈಗೆ ತುರುಕಿದಳು. "ಮುಟ್ಟಿದ್ದಾಯ್ತಲ್ಲ. ತೆಗಿ ಆ ಮುರುಕನ್ನ."

ಹನುಮಯ್ಯ ದೇವರ ಮುಂದಿನ ಸ್ಪ್ಯಾನರೂ ತಂದು ಹೆಡ್ಡು ಬಿಚ್ಚಿಟ್ಟು, ಚಾಚಿಕೊಂಡಿದ್ದ ಮುರುಕಿಗೆ ಬ್ಲೋಲ್ಯಾಂಪಿನ ಉರಿ ಕೊಟ್ಟ, ಜಾರಲಿ ಅಂತ ಮೇಣ ಸವರಿದ, ರೆಂಚಲ್ಲಿ ಕಚ್ಚಿ ಹಿಡಿದು ಹಿಂದೆ ಮುಂದೆ ಆಡಿಸಿದ. ಕಿರ್ರಂತ ಬಂತು. ಹೊಸ ಸ್ಟಡ್ ಹಾಕಿ ಈ ಸಲ ಹುಷಾರಾಗಿ ಬಿಗಿದ.

ಸಂಜೆಗೆ ಮೆಟಡಾರ್ ಮಾಕಳಿ ಕಡೆ ಹೊರಟಿತು, ಮಗಳ ಟ್ರಂಕು, ಪಾತ್ರೆ ತರೋಕೆ. ಹಣೆಗೆ ಬಟ್ಟೆ ಕಟ್ಟಿಕೊಂಡ ಮಂಜುಶ್ರೀ ನಡುವೆ ಕೂತಳು. ಆ ಕಡೆ ಪಿಳ್ಳಮ್ಮ, ಮಡಿಲಲ್ಲಿ ರೆಂಚು.

"ಅದನ್ನ ಹಿಂದೆ ಹಾಕೇ," ಅಂದ ಹನುಮಯ್ಯ.

"ಇರಲಿ ಬಿಡು. ಪೂಜೆ ಇನ್ನೂ ಮುಗಿದಿಲ್ಲ," ಅಂದಳು.