ಅರ್ಧಕ್ಕೆ ನಿಂತ ಇಂಟರ್‌ಕೂಲರ್

ಆ ಭಾನುವಾರ ನಮ್ಮನೆಯವರು ಬೆಳಿಗ್ಗೆಯಿಂದ ಅಂಗಳದಲ್ಲೇ ಇದ್ದರು. ಕೆಟ್ಟು ನಿಂತ ಲಾರಿಯೊಂದರ ಇಂಟರ್‌ಕೂಲರ್ ತಂದು ಗರಗಸದಲ್ಲಿ ಕೊಯ್ಯುತ್ತಿದ್ದರು. ಅಲ್ಯೂಮಿನಿಯಂ ಪುಡಿ ನಾನು ಒಣಹಾಕಿದ್ದ ಹಪ್ಪಳದ ಮೇಲೆ ಹಾರಿತು. ಬೈದೆ. ನಕ್ಕು, ಹಪ್ಪಳದ ಚಾಪೆಯನ್ನು ಅತ್ತ ಎಳೆದಿಟ್ಟು ಮತ್ತೆ ಕೊಯ್ಯತೊಡಗಿದರು. ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ ಉಂಡರು. ಸಂಜೆ ಮಂಡಕ್ಕಿ ಮಿರ್ಚಿ ತಿಂದರು. ಮರುದಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅವರ ಹೆಸರು ಪರಶುರಾಮ್. ಅವರಿದ್ದಾಗ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ.

ಊರು ಕುಕ್ಕುವಾಡ. ಗದ್ದೆ ಕೆಲಸಕ್ಕೆ ಕಳಿಸಿದರೆ ಟ್ರ್ಯಾಕ್ಟರ್ ಕೆಳಗೆ ಮಲಗಿರುತ್ತಿದ್ದರಂತೆ. ಮನೆಯವರು ಬೇಸತ್ತು ದಾವಣಗೆರೆಗೆ ಕಳಿಸಿದರು. ಅಲ್ಲಿ ಮಕ್ತುಮ್ ಸಾಬರ ಹತ್ತಿರ ರೇಡಿಯೇಟರ್ ಬೆಸುಗೆ ಕಲಿತರು. ಆಮೇಲೆ ಪಿ.ಬಿ. ರಸ್ತೆಯಲ್ಲಿ ಸ್ವಂತ ಅಂಗಡಿ. ಮನೆ ಮಾತ್ರ ಹರಿಹರದಲ್ಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಮಕ್ಕಳಿಲ್ಲ. ಮನೆಯಲ್ಲಿ ಕೂತು ಏನು ಮಾಡುವುದು ಎಂದು ದಿನಾ ಅವರ ಜೊತೆ ಅಂಗಡಿಗೆ ಹೋಗುತ್ತಿದ್ದೆ. ಹಿಂದುಗಡೆ ನಲ್ಲಿಯ ಹತ್ತಿರ ಕೂತು ಬಂದ ರೇಡಿಯೇಟರ್ ತೊಳೆಯುವುದು ನನ್ನ ಕೆಲಸ. ಕಾರು ಓಡಿಸಲು ಕಲಿಸಿದ್ದೂ ಅವರೇ. ಭತ್ತ ಕೊಯ್ದ ಗದ್ದೆಯಲ್ಲಿ ಕಲಿಸಿದರು, ಗುದ್ದಿದರೂ ಮಣ್ಣಿಗೇ ಗುದ್ದಲಿ ಎಂದು.

ನಮ್ಮದು ಹಳೆಯ ಡೀಸೆಲ್ ಗಾಡಿ. ಹಿಂದೆ ಎದುರುಬದುರು ಸೀಟು. ಟರ್ಬೊ ಇದೆ. ಖಾಲಿ ಇದ್ದಾಗ ಚೆನ್ನಾಗಿ ಓಡುತ್ತಿತ್ತು. ಜನ ತುಂಬಿ ಬಿಸಿಲಲ್ಲಿ ಹೊರಟರೆ ಏರಿನಲ್ಲಿ ಉಸಿರು ಕಟ್ಟಿದಂತೆ ನಿಧಾನವಾಗುತ್ತಿತ್ತು. ಯಾಕೆ ಎಂದು ನಾನೊಮ್ಮೆ ಕೇಳಿದೆ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಅದನ್ನು ಆರಿಸುವುದು ಇಂಟರ್‌ಕೂಲರ್ ಎಂದು ಹೇಳಿದರು. ನಮ್ಮ ಗಾಡಿಯದು ಅಂಗೈಯಗಲ, ಅದೂ ಎಂಜಿನ್ನಿನ ತಲೆ ಮೇಲೆ. ಒಲೆಯ ಮೇಲೆ ಕೂತಿದ್ದು ಇನ್ನೇನು ಆರಿಸೀತು. ಗಾಳಿ ಕಾದರೆ ಏನಾಗುತ್ತದೆ ಎಂದು ಮತ್ತೆ ಕೇಳಿದೆ.

"ಕಾದ ಗಾಳಿ ಮಂಡಕ್ಕಿ ಇದ್ದಂಗೆ ಕಣೆ. ಡಬ್ಬಿ ತುಂಬುತೈತೆ, ತೂಕ ಇರಂಗಿಲ್ಲ. ಆರಿದ ಗಾಳಿ ಅಕ್ಕಿ. ಎಂಜಿನ್ನಿಗೆ ಅಕ್ಕಿ ಹಾಕ್ಬೇಕು."

ಅದಕ್ಕೇ ದೊಡ್ಡ ಇಂಟರ್‌ಕೂಲರ್ ಮಾಡಿ ಗಾಡಿಯ ಮುಂದೆ, ರೇಡಿಯೇಟರಿನ ಎದುರಿಗೆ ಕೂರಿಸಬೇಕೆಂದು ಹೊರಟಿದ್ದರು. ಪಕ್ಕದ ಗ್ಯಾರೇಜಿನ ಮಾರುತಿ ಅವರ ಸ್ನೇಹಿತ. ದಿನಾ ಆಡಿಕೊಳ್ಳುತ್ತಿದ್ದ. "ಲಾರಿ ಮೂಗು ತಂದು ಕಾರಿಗೆ ಹಚ್ತೀಯಲ್ಲೋ ಪರಸಣ್ಣ. ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರ್ಬೇಕು? ಎಂಜಿನ್ ಕುದ್ದು ಹೋಗ್ತೈತೆ." ಇವರು ತಲೆ ಎತ್ತದೆ, ಕೂರಿಸಿದ ಮೇಲೆ ಮಾತಾಡು ಎನ್ನುತ್ತಿದ್ದರು. ಕೂರಿಸಲು ಅವರೇ ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಭಾವನವರು ಬಂದರು. ಕಾಟಪ್ಪ, ಇವರ ಅಣ್ಣ. ಕೆಟ್ಟವರಲ್ಲ, ಅವಸರದವರು. ಅಂಗಡಿ ಮುಚ್ಚಿ ಕುಕ್ಕುವಾಡಕ್ಕೆ ಬಂದುಬಿಡು ಎಂದರು. ಗಾಡಿಯನ್ನೂ ಆ ಕೊಯ್ದ ಸಾಮಾನನ್ನೂ ಗುಜರಿಗೆ ಹಾಕೋಣ, ನೋಡಿದಾಗೆಲ್ಲ ಅಳುವುದು ತಪ್ಪುತ್ತದೆ ಎಂದರು. ನಾನು ಆಗುವುದಿಲ್ಲ ಅಂದೆ. ನಮ್ಮನೆಯವರು ಮಾಡಲು ಹೊರಟಿದ್ದು ಸರಿ ಇತ್ತು, ಅದನ್ನು ಗಾಡಿಗೆ ಕೂರಿಸಿ ತೋರಿಸುತ್ತೇನೆ ಅಂದೆ.

ಭಾವನವರು ಎದ್ದು ಹೋಗಿ ಗಾಡಿಯನ್ನು ಒಮ್ಮೆ ಸುತ್ತಿ ಬಂದರು. ಆಮೇಲೆ, "ನೋಡಮ್ಮ ಓಬಕ್ಕ. ಗಾಡಿ ತುಂಬ ಜನ ಹಾಕ್ಕೊಂಡು ಆನಗೋಡಿನ ಏರು ಹತ್ತಿಸು. ಹತ್ತಿದ್ರೆ ಅಂಗಡಿ ನಿಂದು, ಗಾಡಿ ನಿಂದು, ನಾನು ಬಾಯಿ ಹಾಕಲ್ಲ. ಎಂಜಿನ್ ಕುದ್ದು ನಿಂತ್ರೆ ಗುಜರಿಯವನಿಗೆ ಹೇಳ್ತೀನಿ" ಎಂದರು.

ಒಪ್ಪಿದೆ.

ಮಕ್ತುಮ್ ಸಾಬರು ಈಗ ಹರಿಹರದಲ್ಲೇ ಒಂದು ಶೆಡ್ಡಿನಲ್ಲಿ ಅಲ್ಯೂಮಿನಿಯಂ ವೆಲ್ಡಿಂಗ್ ಮಾಡುತ್ತಾರೆ. ಕೊಯ್ದಿಟ್ಟ ಇಂಟರ್‌ಕೂಲರನ್ನು ಹೊತ್ತುಕೊಂಡು ಹೋಗಿ ಅವರ ಮುಂದಿಟ್ಟೆ. ಗರಗಸ ಓಡಿದ ಗೆರೆಯ ಮೇಲೆ ಬೆರಳಾಡಿಸಿದರು. ನನ್ನ ಹುಡುಗ ನೆಟ್ಟಗೆ ಕೊಯ್ದಿದ್ದಾನೆ ಎಂದರು. ಗಾಳಿ ಬರಲು, ಹೋಗಲು ಬಾಯಿ ಇರುವ ಡಬ್ಬಿಗಳನ್ನು ಎರಡು ಕಡೆಗೂ ಕೂರಿಸಿ ಬೆಸೆದರು. ಬಾಯಿಗಳಿಗೆ ಬಿರಡೆ ಹಾಕಿ, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆವು. ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು. ತೆಗೆದು ಮತ್ತೆ ಬೆಸೆದರು. ಮತ್ತೆ ಮುಳುಗಿಸಿದೆವು. ನೀರು ಅಲುಗಲಿಲ್ಲ. ನಮ್ಮನೆಯವರು ತೀರಿಕೊಂಡ ಮೇಲೆ ನಾನು ಮೊದಲ ಸಲ ಹೊಟ್ಟೆ ತುಂಬ ಉಂಡಿದ್ದು ಆ ದಿನ, ಸಾಬರ ಮನೆಯಲ್ಲಿ.

ಗಾಡಿಗೆ ಕೂರಿಸಿದ್ದು ಮಾರುತಿ. ಪೈಪು ಸುತ್ತಿಸಿ ತರುವಾಗೆಲ್ಲ ಗೊಣಗಿದ. ಆದರೆ ಒಂದು ಕ್ಲಿಪ್ಪನ್ನೂ ಸಡಿಲ ಬಿಡಲಿಲ್ಲ. ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟೆವು. ದಾವಣಗೆರೆ ದಾಟಿ ಕಾಲು ಒತ್ತಿದೆ. ಗಾಡಿ ಎಳೆದ ಎಳೆತಕ್ಕೆ ಮಾರುತಿಯ ಬೆನ್ನು ಸೀಟಿಗೆ ಅಂಟಿತು.

ಜನ ತುಂಬಿಕೊಳ್ಳಲು ಮೊದಲು ಕುಕ್ಕುವಾಡಕ್ಕೆ ಹೋದೆವು. ಊರ ಹತ್ತಿರ ರಸ್ತೆ ತುಂಬ ಹುರುಳಿ ಹಾಸಿದ್ದರು. ನಮ್ಮ ಕಡೆ ಒಕ್ಕಣೆ ಹಾಗೇ, ಗಾಡಿ ಚಕ್ರ ತುಳಿದು ಕಾಳು ಬಿಡಬೇಕು. ಪಕ್ಕದಲ್ಲಿ ತಪ್ಪಿಸಿಕೊಂಡು ಹೋದರೆ ಬೈಸಿಕೊಳ್ಳಬೇಕು. ಹುರುಳಿ ಯಾರದೆಂದು ನೋಡಿದರೆ ಭಾವನವರದೇ. ಅಲ್ಲೇ ನಿಂತಿದ್ದರು. ಗಾಡಿಯ ಎಳೆತ ನೋಡಿ ಅವರಿಗೂ ಹುರುಪು ಬಂತು. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಕೈ ಬೀಸುತ್ತಲೇ ಇದ್ದರು. ಹೋಗಿ ಬಂದು, ಹೋಗಿ ಬಂದು ತುಳಿಸಿದೆ. ಧೂಳಿನಲ್ಲಿ ಎದುರಿನವರ ಮುಖ ಕಾಣುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ.

ಆಮೇಲೆ ಭಾವನವರು, ಅವರ ಹೆಂಡತಿ ಕೆಂಚವ್ವಕ್ಕ, ಓಣಿಯ ಜನ ಎಲ್ಲ ಹತ್ತಿದರು. ಆನಗೋಡು ದಾಟಿದ ಮೇಲೆ ಏರು ಶುರುವಾಯಿತು. ಅರ್ಧ ಏರಿದ್ದೆವು. ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಮೇಲೆ ಹೋಯಿತು. ಹೋಗುತ್ತಲೇ ಇತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಪಕ್ಕಕ್ಕೆ ನಿಲ್ಲಿಸಿದೆ.

ಯಾರೂ ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿತು. ಮಾರುತಿ ಕೆಳಗಿಳಿದು, "ನಾನು ಅವತ್ತೇ ಹೇಳಿದ್ದೆ ಅತ್ಗೆ" ಎಂದಷ್ಟೇ ಹೇಳಿದ. ಭಾವನವರು ನಾಳೆ ಗುಜರಿಯವನಿಗೆ ಬರಲು ಹೇಳುತ್ತೇನೆ ಎಂದರು. ನಾನು ಕಲ್ಲಿನ ಮೇಲೆ ಕೂತೆ. ಲಾರಿಗಳು ಹೋಗುತ್ತಿದ್ದವು. ನಮ್ಮನೆಯವರು ಹೋದದ್ದಕ್ಕಿಂತ ಅವರ ಲೆಕ್ಕ ತಪ್ಪಾಗಿದ್ದು ಆ ಹೊತ್ತಿನಲ್ಲಿ ನನಗೆ ದೊಡ್ಡದಾಗಿ ಕಂಡಿತು. ಎಂಜಿನ್ ಆರಿದ ಮೇಲೆ ನೀರು ಹಾಕಿ ಮೆಲ್ಲಗೆ ವಾಪಸ್ ಬಂದೆವು.

ಬೆಳಿಗ್ಗೆ ಗುಜರಿಯವನಿಗೆ ಕೊಡುವ ಮೊದಲು ಇಂಟರ್‌ಕೂಲರನ್ನಾದರೂ ಬಿಚ್ಚಿ ಇಟ್ಟುಕೊಳ್ಳೋಣವೆಂದು ಮುಂದಿನ ಗ್ರಿಲ್ ತೆಗೆದೆ. ಒಳಗೆ ಕೈ ಹಾಕಿದೆ. ಬೆರಳಿಗೆ ಮೆತ್ತಗೆ ಏನೋ ಸಿಕ್ಕಿತು. ಎಳೆದೆ. ಹೊಟ್ಟು. ಇಂಟರ್‌ಕೂಲರಿಗೂ ರೇಡಿಯೇಟರಿಗೂ ನಡುವೆ ಹುರುಳಿ ಹೊಟ್ಟು ದಿಂಬಿಗೆ ಹತ್ತಿ ತುಂಬಿದ ಹಾಗೆ ಕೂತಿತ್ತು. ಬೆಳಕು ಬಿಟ್ಟು ನೋಡಿದೆ, ರೇಡಿಯೇಟರಿನ ಒಂದು ಸಂದಿಯೂ ಕಾಣಲಿಲ್ಲ. ಗಾಳಿ ತಡೆದದ್ದು ನಮ್ಮನೆಯವರ ಇಂಟರ್‌ಕೂಲರ್ ಅಲ್ಲ, ಈ ಹೊಟ್ಟು.

ಮಾರುತಿಗೆ ಫೋನ್ ಮಾಡಿದೆ. ಅಂಗಿ ಗುಂಡಿಯನ್ನೂ ಹಾಕಿಕೊಳ್ಳದೆ ಹರಿಹರಕ್ಕೆ ಬಂದ. ಬಗ್ಗಿ ನೋಡಿದ. ಕುಕ್ಕರಗಾಲಲ್ಲಿ ಕೂತ.

"ಅತ್ಗೆ, ಆ ಹೊಟ್ಟಿನ ಮೇಲೆ ಸುತ್ತು ಹೊಡಿಯೋವಾಗ ನಾನೂ ಒಳಗೆ ಕುಂತು ಕೇಕೆ ಹಾಕ್ತಿದ್ದೆ" ಎಂದ. "ಎಂಥ ಮೆಕ್ಯಾನಿಕ್ ಅಂತೀನಿ ನಾನು."

ಇಬ್ಬರೂ ಸೇರಿ ಬಿಚ್ಚಿದೆವು. ತೊಳೆಯಲು ಅವನಿಗೆ ಬಿಡಲಿಲ್ಲ. ಅದು ನನ್ನ ಕೆಲಸ. ಹೊಟ್ಟು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು, ಅದಕ್ಕೆ ಹಿಂದಿನಿಂದ ನೀರು ಬಿಡಬೇಕು. ಮುಂದಿನಿಂದ ಬಿಟ್ಟರೆ ಇನ್ನೂ ಒಳಗೆ ಬಿಗಿಯುತ್ತದೆ. ಮಧ್ಯಾಹ್ನದವರೆಗೆ ತೊಳೆದೆ. ಮಾರುತಿ ಮುಂಭಾಗಕ್ಕೆ ತಂತಿಯ ಜಾಲರಿ ಕತ್ತರಿಸಿದ. ಸೊಳ್ಳೆ ಜಾಲರಿಯಷ್ಟು ಸಣ್ಣದಾದರೆ ಗಾಳಿ ನಿಲ್ಲುತ್ತದೆ ಎಂದು ಸ್ವಲ್ಪ ಕಣ್ಣು ದೊಡ್ಡದನ್ನೇ ಆರಿಸಿದ. ದಿನಾ ಬಿಚ್ಚಲು ಬರುವಂತೆ ಕೊಕ್ಕೆ ಹಾಕಿದ. ಗುಜರಿಯವನು ಬಂದ. ಚಹಾ ಕೊಟ್ಟು ಕಳಿಸಿದೆ.

ಮರುದಿನ ಮಾರುತಿಯ ಜೊತೆ ಕುಕ್ಕುವಾಡಕ್ಕೆ ಹೋಗಿ ಭಾವನವರಿಗೆ ವಿಷಯ ಹೇಳಿದಾಗ ನಂಬಲಿಲ್ಲ. ಕೆಂಚವ್ವಕ್ಕ ನಂಬಿದಳು. "ನಿನ್ನ ಹುರುಳಿ ಬಿಡಿಸಿಕೊಳ್ಳಾಕೆ ಹೋಗಿ ತಮ್ಮನ ಮರ್ಯಾದೆ ತೆಗೆದ್ಯಲ್ಲ" ಎಂದು ಗಂಡನಿಗೆ ಎಲ್ಲರೆದುರಿಗೇ ಅಂದಳು. ಅದೇ ಜನ ಮತ್ತೆ ಹತ್ತಿದರು. ಹಿಂದಿನ ಸಲಕ್ಕಿಂತ ಹೆಚ್ಚೇ ಹತ್ತಿದರು, ಏನಾಗುತ್ತದೋ ನೋಡಬೇಕಿತ್ತು ಅವರಿಗೆ.

ನೆತ್ತಿ ಸುಡುವ ಬಿಸಿಲು. ಆನಗೋಡು ಬಂತು. ಏರು ಶುರುವಾಯಿತು. ಮುಂದೆ ಕಬ್ಬಿಣ ಹೇರಿದ ಲಾರಿ ತೆವಳುತ್ತಿತ್ತು. ಮೊದಲಾಗಿದ್ದರೆ ಅದರ ಹಿಂದೆಯೇ ಹೊಗೆ ಕುಡಿಯುತ್ತ ಹೋಗಬೇಕಿತ್ತು. ಬಲಕ್ಕೆ ತಗೊಂಡೆ. ಕಾಲು ಒತ್ತಿದೆ. ಟರ್ಬೊ ಸಿಳ್ಳೆ ಹಾಕಿತು. ಗಾಡಿ ಎಲ್ಲೂ ಬಿಗಿಯಲಿಲ್ಲ, ಎಲ್ಲೂ ಗೇರು ಇಳಿಸು ಎಂದು ಬೇಡಲಿಲ್ಲ, ಸುಮ್ಮನೆ ಎಳೆಯಿತು. ಲಾರಿ ಹಿಂದೆ ಬಿತ್ತು. ಇನ್ನೊಂದು ಲಾರಿ ಹಿಂದೆ ಬಿತ್ತು. ಮುಳ್ಳು ನಡುವಿನಲ್ಲಿ ನಿಂತದ್ದು ನಿಂತೇ ಇತ್ತು. ಏರಿನ ನೆತ್ತಿ ಮುಟ್ಟಿ ಗಾಡಿ ನಿಲ್ಲಿಸಿದೆ.

ಮಾರುತಿ ಇಳಿದು ಬಾನೆಟ್ ಎತ್ತಿದ. ಟರ್ಬೊದಿಂದ ಹೊರಡುವ ಪೈಪನ್ನು ಮುಟ್ಟಿ ಕೈ ಹಿಂದೆ ಎಳೆದುಕೊಂಡ. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಮುಟ್ಟಿ ಕೈ ಅಲ್ಲೇ ಇಟ್ಟ. ನನ್ನನ್ನೂ ಕರೆದ. ನಾನೂ ಇಟ್ಟೆ. ಆ ಬಿಸಿಲಲ್ಲಿ, ಆ ಏರು ಹತ್ತಿದ ಮೇಲೆ, ಕೈ ಇಟ್ಟರೆ ತಡೆಯುವಷ್ಟೇ ಬೆಚ್ಚಗಿತ್ತು.

"ಪರಸಣ್ಣ ಗೆದ್ದ" ಎಂದ ಮಾರುತಿ. "ನನ್ನ ಬೈಯಾಕೆ ಅವನೇ ಇಲ್ಲ ನೋಡು."

ಅವನು ಅತ್ತಕಡೆ ತಿರುಗಿದ. ಭಾವನವರು ಹತ್ತಿರ ಬಂದರು. ಅವರೂ ಪೈಪು ಮುಟ್ಟಿದರು. ಟವೆಲಿನಿಂದ ಮುಖ ಒರೆಸಿಕೊಂಡು, "ಅಂಗಡಿ ಬಾಗಿಲು ತೆಗಿ ಓಬಕ್ಕ. ಬೋರ್ಡಿನ ಮ್ಯಾಲೆ ಅವನ ಹೆಸರು ಹಂಗೇ ಇರ್ಲಿ" ಎಂದರು.

ಬಾಗಿಲು ತೆಗೆದಿದ್ದೇನೆ. ರೇಡಿಯೇಟರ್ ಬೆಸುಗೆಗೆ ಮಕ್ತುಮ್ ಸಾಬರು ವಾರಕ್ಕೊಮ್ಮೆ ಬರುತ್ತಾರೆ. ಲಾರಿಯವರು, ಜೀಪಿನವರು ಬಂದು ಅಂಥದೇ ಇಂಟರ್‌ಕೂಲರ್ ಬೇಕು ಎನ್ನುತ್ತಾರೆ. ಮಾರುತಿ ಕೂರಿಸಿಕೊಡುತ್ತಾನೆ, ಯಾರು ಮಾಡಿದ ಲೆಕ್ಕ ಇದು ಎಂದೂ ಹೇಳಿ ಕಳಿಸುತ್ತಾನೆ. ಹಳ್ಳಿಗಳಿಗೆ ಸಾಮಾನು ತರಲು, ಒಯ್ಯಲು ನಾನೇ ಗಾಡಿ ಓಡಿಸುತ್ತೇನೆ. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಓಣಿಯ ಹೆಂಗಸರನ್ನು ಕರೆದೊಯ್ಯುತ್ತೇನೆ. ರಸ್ತೆಯಲ್ಲಿ ಒಕ್ಕಣೆ ಹಾಕಿದ್ದರೆ ಈಗಲೂ ತಪ್ಪಿಸಿ ಹೋಗುವುದಿಲ್ಲ, ತುಳಿಸಿಯೇ ಹೋಗುತ್ತೇನೆ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ಮೊದಲು ಗಾಡಿಯ ಮುಂದೆ ಕೂರುತ್ತೇನೆ. ಕೊಕ್ಕೆ ಬಿಚ್ಚಿ ಜಾಲರಿ ತೆಗೆಯುತ್ತೇನೆ. ಕಟ್ಟೆಗೆ ಬಡಿದು ಹೊಟ್ಟು, ಹುಳ, ಒಣಗಿದ ಎಲೆ ಎಲ್ಲ ಕೊಡವುತ್ತೇನೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಸಿಕ್ಕಿಸುತ್ತೇನೆ.