ಹಾರುವವನ ಅಳತೆ

ಮರಿಯಮ್ಮನಹಳ್ಳಿಯ ವಿರುಪಮ್ಮ ನಲವತ್ತು ವರ್ಷ ಬಯಲಾಟದ ವೇಷ ಹೊಲಿದವಳು. ಅಳತೆ ಕೊಡಲು ಬಂದವರನ್ನು ಸುಮ್ಮನೆ ನಿಲ್ಲಗೊಡುತ್ತಿರಲಿಲ್ಲ. "ಎರಡು ಹೆಜ್ಜಿ ಕುಣೀರಿ" ಎನ್ನುವಳು. ರಾಕ್ಷಸ ಪಾತ್ರದವನು ಗದೆ ಎತ್ತಿದಂತೆ ಕೈ ಎತ್ತಿದಾಗಲೇ ಕಂಕುಳಿಗೆ ಟೇಪು ಹಿಡಿಯುವಳು.

ಹಂಪಿಯ ಬಂಡೆಗಳಲ್ಲಿ ಸಿನಿಮಾ ಶೂಟಿಂಗ್ ಶುರುವಾದಾಗ ಉಡುಪು ರಿಪೇರಿಗೆಂದು ಅವಳನ್ನು ಕರೆದರು. ಕಾಮಿಕ್ಸ್ ಪುಸ್ತಕದ ವೀರನೊಬ್ಬನ ಕಥೆ. ಮೈಗಂಟಿದ ನೀಲಿ ಉಡುಪು. ಉಡುಪಿನ ಹೊಣೆ ಹೊತ್ತ ತ್ರಿವೇಣಿ ಪುಸ್ತಕ ಬಿಚ್ಚಿಟ್ಟುಕೊಂಡೇ ಗೆರೆಗೆ ಗೆರೆ ಕೂಡಿಸುತ್ತಿದ್ದಳು.

"ಒಂದು ಸುಕ್ಕು ಕಂಡರೂ ಓದಿದ ಮಕ್ಕಳು ಬಿಡಲ್ಲಮ್ಮ."

ವೀರನ ಪಾತ್ರಧಾರಿಯ ಬದಲಿಗೆ ಹಾರಬೇಕಾದವನು ವಿರುಪಮ್ಮನ ತಂಗಿಯ ಮಗ, ಕಂಪ್ಲಿಯ ಪರಶುರಾಮ್. ಒಂದು ಬಂಡೆಯಿಂದ ನೆಗೆದು ಎದುರು ಬಂಡೆಯ ಅಂಚು ಹಿಡಿಯಬೇಕು. ಸೊಂಟಕ್ಕೆ ಹಗ್ಗವಿದೆ, ಕೆಳಗೆ ಬೀಳುವುದಿಲ್ಲ. ಆದರೆ ಅಂಚು ಕೈಗೆ ಸಿಗದಿದ್ದರೆ ಅದೇ ಹಗ್ಗ ಅವನನ್ನು ಕಲ್ಲಿಗೆ ಬಡಿಯುತ್ತದೆ.

"ಲೇ ಪರಶು, ಕೈ ಎತ್ತು."

ತೊಟ್ಟ ಉಡುಪು ಕಂಕುಳಲ್ಲಿ ಬಿಗಿದು, ಕೈ ಭುಜದ ಮಟ್ಟಕ್ಕೇ ನಿಂತಿತು.

"ಇಷ್ಟ ನೋಡು ದೊಡ್ಡವ್ವ. ಸೊಳ್ಳಿ ಹೊಡೀಬಹುದು, ಕಲ್ಲು ಹಿಡಿಯಾಕ ಆಗಂಗಿಲ್ಲ."

ವಿರುಪಮ್ಮ ತ್ರಿವೇಣಿಯತ್ತ ತಿರುಗಿದಳು. "ಅಳತಿ ಹೆಂಗ ತಗಂಡ್ರವ್ವ?"

"ನಿಲ್ಲಿಸಿ ತಗೊಂಡ್ವಿ," ಎಂದಳು ತ್ರಿವೇಣಿ. "ಪುಸ್ತಕದಲ್ಲಿ ಇದನ್ನೇ ಹಾಕ್ಕೊಂಡು ಹಾರ್ತಾನಲ್ಲಮ್ಮ?"

"ಅವನ್ನ ಪೆನ್ಸಿಲ್ಲು ಎತ್ತತೈತಿ. ಇವನ್ನ ಯಾರು ಎತ್ತತಾರ?"

ಹೊರಗೆ ಮೈಕು ಕೂಗಿತು: ಬಿಸಿಲು ಇಳಿಯುತ್ತಿದೆ, ಹತ್ತೇ ನಿಮಿಷ. ಇನ್ನೊಂದು ಉಡುಪು ಬೆಳಿಗ್ಗೆಯೇ ಹರಿದಿತ್ತು, ಉಳಿದಿದ್ದು ಇದೊಂದೇ. ವಿರುಪಮ್ಮ ಕತ್ತರಿ ಎತ್ತಿಕೊಂಡಳು. ತ್ರಿವೇಣಿ ಅವಳ ಮುಂಗೈ ಹಿಡಿದಳು.

"ಇದೂ ಕೆಟ್ಟರೆ ನನ್ನ ಕೆಲಸ ಹೋಗುತ್ತೆ."

"ಹಿಡಕಂಡ್ರ ಕತ್ರಿ ಸೊಟ್ಟ ಹೋಗತೈತಿ. ಬಿಡವ್ವ."

ತ್ರಿವೇಣಿ ಪರಶುರಾಮನ ಕೈಯನ್ನೊಮ್ಮೆ ನೋಡಿ, ಬಿಟ್ಟಳು.

ಹರಿದ ಉಡುಪಿನ ಕಾಲಿನಿಂದ ಅಂಗೈಯಗಲದ ಎರಡು ತುಂಡು ಬಂದವು. ಮೈಮೇಲಿನ ಬಟ್ಟೆ ಹೊಲಿಯುವಾಗ ತೊಟ್ಟವರು ಬಾಯಲ್ಲಿ ದಾರ ಕಚ್ಚಿರಬೇಕು ಎನ್ನುವುದು ಅವಳ ಮನೆಯ ವಾಡಿಕೆ. ಪರಶುರಾಮ್ ಕಚ್ಚಿ ನಿಂತ. ಕಂಕುಳ ಹೊಲಿಗೆ ಬಿಚ್ಚಿತು, ಸೂಜಿ ಓಡಿತು. ಎಡಗಡೆ ಮುಗಿಯಿತು. ಬಲಗಡೆ ಅರ್ಧವಾಗುವಷ್ಟರಲ್ಲಿ ಮೈಕು ಮತ್ತೆ ಕೂಗಿತು. ಅವಳು ತಲೆ ಎತ್ತಲಿಲ್ಲ. ಗಂಟು ಹಾಕಿ, ಸೂಜಿಯ ದಾರ ಹಲ್ಲಿನಿಂದಲೇ ಕಡಿದಳು.

"ಕುಣಿ."

ಎರಡು ಹೆಜ್ಜೆ ಕುಣಿದ. ಎರಡೂ ಕೈ ತಲೆಯ ಮೇಲೆ ಹೋದವು. ಇಳಿಸಿದಾಗ ಹೊಸ ತುಂಡು ಕಂಕುಳಲ್ಲೇ ಮಡಚಿ ಅಡಗಿತು.

ಅವನು ನೆಗೆದಾಗ ವಿರುಪಮ್ಮ ಮುಖ ನೋಡಲಿಲ್ಲ, ಹೊಲಿಗೆಯನ್ನೇ ನೋಡಿದಳು. ಬಲಗೈ ಅಂಚಿನಲ್ಲಿ ಜಾರಿತು. ಎಡಗೈ ಹಿಡಿಯಿತು. ಮತ್ತೆ ಬಲಗೈಯೂ ಹಿಡಿಯಿತು. ಹೊಲಿಗೆ ಎಳೆದುಕೊಂಡಿತು, ಬಿಡಲಿಲ್ಲ.

ತ್ರಿವೇಣಿ ಪುಸ್ತಕ ಮುಚ್ಚಿದಳು. "ನಾಳೆ ಹೊಸದು ಹೊಲಿಯೋಣಮ್ಮ. ನೀವು ಕುಣಿಸಿ, ನಾನು ಟೇಪು ಹಿಡೀತೀನಿ."

ವಿರುಪಮ್ಮನ ಗಮನ ಬಂಡೆ ಇಳಿದು ಬರುತ್ತಿದ್ದವನ ಮೇಲಿತ್ತು.

"ಲೇ, ಬಾಯಾಗಿನ ದಾರ ಉಗುಳು. ನುಂಗಿಬಿಟ್ಟೀಯ."