ಅಪ್ಪನ ಬಾಯಲ್ಲಿ ತಯಾರಾದ ಲಸಿಕೆ

ಒಂದು ಭಾನುವಾರ ಗೋಕುಲ ರಸ್ತೆಯ ನಮ್ಮ ಮನೆಗೆ ಹೆಬ್ಬಳ್ಳಿಯಿಂದ ಗಂಡ ಹೆಂಡತಿ ಬಂದರು. ನಮ್ಮಪ್ಪ ಹತ್ತಿ ವ್ಯಾಪಾರಿ, ಅವರ ಹೊಲದ ಹತ್ತಿ ಕೊಳ್ಳುವವನು. ಹೆಂಡತಿ ತೀರಾ ಸೊರಗಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗಿನ ಕಟ್ಟೆಯ ಮೇಲೇ ಕೂತಳು. ಗಂಡ ಶೇಂಗಾ ಹೋಳಿಗೆಯ ಡಬ್ಬಿಯನ್ನು ನನ್ನ ಕೈಗಿಟ್ಟ.

"ಅಕ್ಕಾರ, ಆ ಸೂಜಿ ಇಕಿಗೂ ಒಂದ್ ಹಾಕಿಬಿಡ್ರಿ."

"ಯಾವ ಸೂಜಿರಿ?"

"ನೀವು ಕಂಡು ಹಿಡಿದೀರಲ್ರಿ, ಟಿ.ಬಿ.ದು. ಸಾವ್ಕಾರ್ರು ಹೇಳ್ಯಾರ. ಗುಳಗಿ ತಗೊಂಡ್ರ ಇಕಿಗೆ ಬರೇ ವಾಂತಿ. ಒಂದ್ ಸೂಜಿಲೆ ಹೋಗೂದಾದ್ರ ಗುಳಗಿ ಯಾಕಂತ ಬಿಡಿಸೇನ್ರಿ."

ನನ್ನ ಕಿವಿ ಬಿಸಿಯಾದವು. ಬಾಗಿಲಲ್ಲಿ ಅಪ್ಪ ನಿಂತಿದ್ದ.

ನಾನು ಧಾರವಾಡದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳು. ರೋಗದೊಡನೆ ಕಾದಾಡುವ ಟಿ ಕೋಶಗಳು ನಮ್ಮೆಲ್ಲರ ಮೈಯಲ್ಲಿವೆ. ಹೆಚ್ಚಿನವು ರೋಗಾಣುವಿನ ಪ್ರೊಟೀನಿನ ಚೂರನ್ನು ಕಂಡು ಅದನ್ನು ಗುರುತಿಸುತ್ತವೆ. ಯಾವ ಚೂರು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಆದರೆ ಈ ದಾರಿ ಬಿಟ್ಟು ನಡೆಯುವ ಕೆಲವು ಟಿ ಕೋಶಗಳಿವೆ. ಅವು ಟಿ.ಬಿ. ರೋಗಾಣುವಿನ ಮೈಮೇಲಿನ ಕೊಬ್ಬನ್ನೋ, ರೋಗಾಣುಗಳು ಬಿ ವಿಟಮಿನ್ ತಯಾರಿಸುವಾಗ ಹುಟ್ಟುವ ಪದಾರ್ಥವನ್ನೋ ಕಂಡು ಥಟ್ಟನೆ ಏಳುತ್ತವೆ, ಅದೂ ಎಲ್ಲರಲ್ಲಿ ಹೆಚ್ಚುಕಡಿಮೆ ಒಂದೇ ರೀತಿ. ಅವನ್ನು ಮೊದಲೇ ಎಬ್ಬಿಸಿಡುವ ಲಸಿಕೆ ಸಾಧ್ಯವಾದರೆ ಅದು ಎಲ್ಲರಿಗೂ ಒಗ್ಗೀತು ಎಂಬ ಆಸೆಯಿದೆ. ಆದರೆ ಲಸಿಕೆಯನ್ನು ಮೊದಲು ಪರೀಕ್ಷಿಸಿ ನೋಡುವ ಇಲಿಗಳಲ್ಲಿ ಇಂಥ ಕೆಲವು ಕೋಶಗಳು ತೀರಾ ಕಡಿಮೆ, ಕೆಲವಂತೂ ಇಲ್ಲವೇ ಇಲ್ಲ. ಹೀಗಾಗಿ ಕೆಲಸ ಬಲು ನಿಧಾನ. ಇದನ್ನೆಲ್ಲ ನಾನು ಅಪ್ಪನಿಗೆ ಹೇಳಿದ್ದು ಒಂದೇ ಮಾತಿನಲ್ಲಿ: "ಟಿ.ಬಿ. ಲಸಿಕಿ ಮ್ಯಾಲೆ ಕೆಲಸ ಮಾಡಾಕತ್ತೇನಿ." ಉಳಿದದ್ದನ್ನು ಪೇಟೆಯಲ್ಲಿ ಕೂತು ಅಪ್ಪನೇ ತಯಾರಿಸಿದ್ದ.

"ಕಾಕಾ, ಅಂಥಾ ಸೂಜಿ ಇನ್ನೂ ಬಂದಿಲ್ರಿ," ಎಂದೆ. "ನಾಳೆ ಬಂದ್ರೂ ಅದು ರೋಗ ಬರಧಂಗ ತಡಿಯಾಕ. ಬಂದ ರೋಗಕ್ಕ ಗುಳಗೀನ ಬೇಕ್ರಿ."

ಆತ ನಕ್ಕ. ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡನೇನೋ. "ಸಾವ್ಕಾರ್ರ?" ಎಂದು ಅಪ್ಪನ ಕಡೆ ತಿರುಗಿದ.

"ಹುಡುಗಿ ಹೇಳೂದು ಖರೇ," ಅಂದ ಅಪ್ಪ, ನೆಲ ನೋಡುತ್ತಾ.

ಹೊರಗೆ ಕಟ್ಟೆಯ ಮೇಲಿದ್ದ ಹೆಂಡತಿ ಎದ್ದು ನಿಂತಳು. "ನಡೀರಿ ಹೋಗೂಣು. ಸುಮ್ಮನ ಅವರಿಗೆ ತ್ರಾಸ ಕೊಟ್ಟಂಗಾತು." ಅವಳು ಬೈದಿದ್ದರೆ ಚೆನ್ನಾಗಿತ್ತು. ಹೋಳಿಗೆ ಡಬ್ಬಿಯನ್ನು ಎಲ್ಲಿಡಬೇಕೋ ತಿಳಿಯದೆ ಹಿಡಿದುಕೊಂಡೇ ನಿಂತೆ.

ಮರುದಿನ ಅಪ್ಪನೇ ಕಾರಿನಲ್ಲಿ ಅವರನ್ನು ಸರಕಾರಿ ದವಾಖಾನೆಗೆ ಕರೆದೊಯ್ದ. ನಾನೂ ಹೋದೆ. ಡಾಕ್ಟರು ಸಿಟ್ಟಾದರು. "ಗುಳಗಿ ಬಿಡಂತ ಯಾರ್ ಹೇಳಿದ್ರು ನಿಮಗ?"

"ನಮಗ ತಿಳೀಲಿಲ್ರಿ," ಎಂದ ಗಂಡ. ಅಪ್ಪನ ಹೆಸರೆತ್ತಲಿಲ್ಲ.

ಗೋಡೆಗೆ ಒರಗಿ ನಿಂತಿದ್ದ ಅಪ್ಪ ಮುಂದೆ ಬಂದ. "ತಪ್ಪು ಅವರದಲ್ರಿ. ಮಗಳ ಸುದ್ದಿ ಹೇಳೂ ಭರದಾಗ ನಾನ ಸುಳ್ಳು ಹೇಳೇನಿ."

ಸಾಲಿನಲ್ಲಿದ್ದವರೆಲ್ಲ ಅಪ್ಪನನ್ನು ನೋಡಿದರು, ಆಮೇಲೆ ಆ ಮಗಳು ಯಾರೆಂದು ನನ್ನನ್ನು ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕಫದ ಪರೀಕ್ಷೆ ಮತ್ತೆ ಆಯಿತು. ವಾಂತಿ ತಡೆಯಲು ಒಂದು ಔಷಧ ಸೇರಿಸಿ ಗುಳಿಗೆ ಮತ್ತೆ ಶುರುಮಾಡಿದರು. ಹತ್ತಿ ನೋಡುವ ನೆಪದಲ್ಲಿ ಅಪ್ಪ ಹೆಬ್ಬಳ್ಳಿಗೆ ಹೋಗಿಬರುತ್ತಿದ್ದ. ತಿಂಗಳುಗಳು ಕಳೆದ ಮೇಲೆ ಅವಳು ಗುಣವಾದಳು. ಪೇಟೆಯಲ್ಲಿ ಯಾರಾದರೂ ಲಸಿಕೆಯ ಸುದ್ದಿ ಕೇಳಿದರೆ ಅಪ್ಪ, "ಅದು ಇನ್ನೂ ಬಾಳ ದೂರ ಐತ್ರಿ," ಎಂದಷ್ಟೇ ಹೇಳಿ ಮಾತು ಹೊರಳಿಸುತ್ತಾನೆ.

ಒಂದು ಸಂಜೆ ಚಹಾ ಕುಡಿಯುತ್ತಾ ಕೇಳಿದ, "ಫೋನಿನಾಗ ಕೋಶ ಕೋಶ ಅಂತಿರ್ತೀಯಲ್ಲ, ಅವೇನವ್ವಾ? ನನಗ ತಿಳಿಯುವಂಗ ಹೇಳು."

ನಾನು ಉತ್ಸಾಹದಿಂದ ಹೇಳತೊಡಗಿದೆ. ಅಪ್ಪ ತಲೆಯಾಡಿಸುತ್ತಲೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನಾನು ಆಡುತ್ತಿದ್ದುದೆಲ್ಲ ಇಂಗ್ಲಿಷ್. ನಾಚಿಕೆಯಿಂದ ಮಾತು ನಿಂತಿತು. ಅಪ್ಪ ಆಗಲೂ ತಲೆಯಾಡಿಸುತ್ತಿದ್ದ.